ಕೊಟ್ಟ ಮಾತು ಮತ್ತು ಗಣಿಯೂರು

ಯುಗಾದಿಯ ಮರುದಿನ ನಾವು ಮೂವರು ಒಡಹುಟ್ಟಿದವರೂ ಪುಣೆಯಲ್ಲಿ ಕಿರಿಯವನ ಮನೆಯಲ್ಲಿ ಸೇರಿದ್ದೆವು. ಮುಂದೆ ಹರಡಿಕೊಂಡಿದ್ದುದು ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿರುವ ಅಪ್ಪನ ಮನೆಯ ಕಾಗದಪತ್ರ. ಮಾರಿಬಿಡುವುದೆಂದು ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಫುಟ್‌ಬಾಲಿನ ಹುಚ್ಚು ಹತ್ತಿಸಿಕೊಂಡಿರುವ ಮನೆಯ ಹುಡುಗ, ಬೆನ್ನ ಮೇಲೆ ಪೊಡೋಲ್ಸ್ಕಿ ಎಂದು ಬರೆದಿದ್ದ ಹಳೆಯ ಆರ್ಸೆನಲ್ ಅಂಗಿ ತೊಟ್ಟು ಓಡಾಡುತ್ತಿದ್ದ. ಆ ಪೊಡೋಲ್ಸ್ಕಿ ಈಗ ಎಲ್ಲಿ ಎಂದು ಕೇಳಿದೆವು. "ವಿಶ್ವಕಪ್ ಗೆದ್ದವನು ದೊಡ್ಡಪ್ಪ, ಕೊನೆಗೆ ಪೋಲೆಂಡಿನ ಯಾವುದೋ ಗಣಿಯೂರಿಗೆ ಆಡಲು ಹೋದ. ಏಕೆ ಹೋದನೋ!" ಎಂದ. ಗಣಿ ಎಂಬ ಮಾತಿಗೆ ಮೂವರೂ ಕಾಗದದಿಂದ ತಲೆಯೆತ್ತಿದೆವು.

ಆ ಊರು ಝಬ್ಝೆ. ಮೇಲಣ ಸಿಲೇಸಿಯಾದ ಕಲ್ಲಿದ್ದಲ ನಾಡು. 1945ರವರೆಗೆ ಜರ್ಮನಿಗೆ ಸೇರಿದ್ದು, ಹಿಂಡೆನ್‌ಬರ್ಗ್ ಎನಿಸಿಕೊಂಡು, ಯುದ್ಧ ಮುಗಿದಾಗ ಪೋಲೆಂಡಿನದಾಯಿತು. 1948ರಲ್ಲಿ ಅಲ್ಲಿ ಹುಟ್ಟಿದ ಕ್ಲಬ್ಬಿಗೆ ಗುರ್ನಿಕ್ ಎಂದು ಹೆಸರಿಟ್ಟರು. ಗುರ್ನಿಕ್ ಎಂದರೆ ಗಣಿಗಾರ. 1957ರಿಂದ 1988ರವರೆಗೆ 14 ಬಾರಿ ಅದು ದೇಶದ ಲೀಗ್ ಗೆದ್ದಿತು. ಪೋಲೆಂಡಿನ ಲೀಗಿನಲ್ಲಿ 186 ಗೋಲು ಹೊಡೆದ ಅರ್ನೆಸ್ಟ್ ಪೋಲ್ ಈ ತಂಡದವನು. ಬಾಳಿನ ಕೊನೆಗಾಲದಲ್ಲಿ ಅವನೂ ಊರು ಬಿಟ್ಟು ಜರ್ಮನಿ ಸೇರಿದ, ಅಲ್ಲಿಯೇ ತೀರಿಕೊಂಡ. ಊರಿನ ಕ್ರೀಡಾಂಗಣಕ್ಕೆ ಅವನ ಹೆಸರಿದೆ.

1970ರ ಕಥೆಯನ್ನು ಹುಡುಗ ಫೋನಿನಲ್ಲಿ ಹುಡುಕಿ ಹುಡುಕಿ ಓದಿ ಹೇಳಿದ. ಯುರೋಪಿನ ಕಪ್ ವಿಜೇತರ ಪಂದ್ಯಾವಳಿಯ ಸೆಮಿಫೈನಲಿನಲ್ಲಿ ಎದುರಾಳಿ ರೋಮಾ. ರೋಮಿನಲ್ಲಿ 1-1, ಪೋಲೆಂಡಿನ ಹೊಜೂಫ್‌ನಲ್ಲಿ 2-2, ಮೂರನೆಯದಾಗಿ ಸ್ಟ್ರಾಸ್‌ಬರ್ಗಿನಲ್ಲಿ 1-1. ಆಡಿ ಆಡಿ ಬಗೆಹರಿಯದ್ದನ್ನು ಕೊನೆಗೆ ಅದೃಷ್ಟಕ್ಕೆ ಬಿಟ್ಟು ಚಿಮ್ಮಿದರು. ನಾಯಕ ಓಶ್ಲಿಜ್ವೊನ ತಂಡಕ್ಕೆ ಅದೃಷ್ಟ ಒಲಿಯಿತು. ಏಪ್ರಿಲ್ 29ರಂದು ವಿಯೆನ್ನಾದಲ್ಲಿ, ಸುರಿಯುವ ಮಳೆಯಲ್ಲಿ, ಮ್ಯಾಂಚೆಸ್ಟರ್ ಸಿಟಿಗೆ 2-1ರಿಂದ ಸೋತರು. ಆ ಒಂದು ಗೋಲೂ ಓಶ್ಲಿಜ್ವೊನದೇ. ಸೋತ ಪಂದ್ಯವನ್ನು ಊರು ಹೇಗೆ ಕಾಪಿಟ್ಟುಕೊಳ್ಳುತ್ತದೆಂಬುದು ನಮಗೆ ಯಾರೂ ವಿವರಿಸಬೇಕಿಲ್ಲ. ನಾವು ಬೆಳೆದ ಗಣಿ ಕಾಲೊನಿಯ ಮೈದಾನದಲ್ಲಿಯೂ ಅಂಥ ಪಂದ್ಯಗಳಿದ್ದವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಚೆಂಡು ಕಾಲಿಗೆ ಸಿಕ್ಕಾಗ ಎರಡೂ.

ಇನ್ನು ಲೂಕಾಸ್ ಪೊಡೋಲ್ಸ್ಕಿ. 1985ರಲ್ಲಿ ಝಬ್ಝೆಯ ನೆರೆಯೂರಾದ ಗ್ಲಿವಿತ್ಸೆಯಲ್ಲಿ ಹುಟ್ಟಿದವನು. ಎರಡು ವರ್ಷದ ಕೂಸಾಗಿದ್ದಾಗ ಹೆತ್ತವರು ಜರ್ಮನಿಗೆ ವಲಸೆ ಹೋದರು. ಆಡಿದ್ದು ಜರ್ಮನಿಯ ಪರ. 2008ರ ಯುರೋ ಪಂದ್ಯಾವಳಿಯಲ್ಲಿ ಪೋಲೆಂಡಿಗೆ ಎರಡು ಗೋಲು ಹೊಡೆದು ಸೋಲಿಸಿದವನು ಅವನೇ. ಆದರೆ ಗೋಲು ಹೊಡೆದವನು ಕುಣಿಯಲಿಲ್ಲ, ಕೈಯೆತ್ತಿ ಸಂಭ್ರಮಿಸಲಿಲ್ಲ. 2014ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದ. ಎಂದಾದರೊಂದು ದಿನ ಗುರ್ನಿಕ್ ಪರ ಆಡುತ್ತೇನೆಂದು ಮಾತು ಕೊಟ್ಟಿದ್ದ; ಇಂಗ್ಲೆಂಡ್, ಟರ್ಕಿ, ಜಪಾನ್ ಎಲ್ಲ ಸುತ್ತಿ 2021ರಲ್ಲಿ, 36ನೆಯ ವಯಸ್ಸಿನಲ್ಲಿ, ಬಂದು ಆ ಅಂಗಿ ತೊಟ್ಟ.

ಇಲ್ಲಿಗೆ ಬಂದಾಗ ನಾವು ಸುಮ್ಮನಾದೆವು. ನಮ್ಮ ಗಣಿ 2001ರಲ್ಲಿ ಮುಚ್ಚಿತು. ಗಣಿಯ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತರಾದ ಅಪ್ಪ ಊರು ಬಿಡಲು ಒಪ್ಪಲಿಲ್ಲ. ಸೈನೈಡ್ ದಿಬ್ಬದ ಬೂದು ಧೂಳು ಗಾಳಿಗೆ ಎದ್ದು ಜಗಲಿಗೆ ಬಂದು ಕೂರುವುದನ್ನು ದಿನವೂ ಗುಡಿಸುತ್ತಿದ್ದರು. "ನಿಮ್ಮಲ್ಲಿ ಒಬ್ಬರಾದರೂ ಬಂದು ಇರಿ" ಎಂದಾಗ, "ಬರುತ್ತೇವೆ ಅಪ್ಪ, ಕೆಲಸದಿಂದ ಬಿಡುಗಡೆಯಾಗಲಿ" ಎಂದಿದ್ದೆವು, ಮೂವರೂ, ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ದಿನ. ಇಬ್ಬರಿಗೆ ಬಿಡುಗಡೆಯಾಗಿ ವರ್ಷಗಳೇ ಕಳೆದಿವೆ. ಅಪ್ಪ ಈಗಿಲ್ಲ.

ಹೋಲಿಕೆಯನ್ನು ಹೆಚ್ಚು ಎಳೆಯಬಾರದೆಂದು ನಮಗೆ ಗೊತ್ತು. ಅವನು ಹಣವಂತ, ಜಗತ್ಪ್ರಸಿದ್ಧ; ಅವನನ್ನು ಬರಮಾಡಿಕೊಳ್ಳಲು ಅಭಿಮಾನಿಗಳಿದ್ದರು. ಅವನು ಬಂದುದರಿಂದ ಅಲ್ಲಿಯ ಗಣಿಗಳೇನೂ ಮರಳಿ ತೆರೆಯಲಿಲ್ಲ. ಝಬ್ಝೆಯ ಗ್ವಿಡೊ ಗಣಿ ಇಂದು ವಸ್ತುಸಂಗ್ರಹಾಲಯ. 320 ಮೀಟರ್ ಆಳಕ್ಕೆ ಪ್ರವಾಸಿಗರು ಇಳಿದು ನೋಡಿ ಬರುತ್ತಾರೆ. ನಾವು ಹೋದರೂ ನಮ್ಮ ಊರು ಮತ್ತೆ ಚಿಗುರುವುದಿಲ್ಲ. ಊರನ್ನು ಉದ್ಧಾರ ಮಾಡಲಾಗದ ಮೇಲೆ ಹೋಗಿ ಫಲವೇನೆಂಬುದು ಇಷ್ಟು ವರ್ಷ ನಮ್ಮ ಸಬೂಬಾಗಿತ್ತು. ಉದ್ಧಾರ ಮಾಡಿರೆಂದು ಅಪ್ಪ ಕೇಳಿಯೇ ಇರಲಿಲ್ಲ. ಬಂದು ಇರಿ ಎಂದಿದ್ದರು, ಅಷ್ಟೆ.

ಅಂದು ಸಹಿ ಹಾಕಲಿಲ್ಲ. ಮನೆ ಮಾರುತ್ತೇವೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಕೊಳ್ಳುವವರು ಎರಡು ಬಾರಿ ಫೋನು ಮಾಡಿದ್ದಾರೆ. ಮೇ ತಿಂಗಳಲ್ಲಿ ಮೂವರೂ ಹೋಗಿ ಬೀಗ ತೆಗೆದು, ಜಗಲಿ ಗುಡಿಸಿ, ಒಂದು ತಿಂಗಳಾದರೂ ಇದ್ದು ನೋಡುವುದೆಂದು ಮಾತಾಗಿದೆ. ಬೆಂಗಳೂರಿನವರೆಗೆ ರೈಲಿನ ಟಿಕೇಟು ತೆಗೆಸಿದ್ದು ಹುಡುಗ. ತನಗೂ ಒಂದು ತೆಗೆಸಿಕೊಂಡಿದ್ದಾನೆ. ಆ ಮೈದಾನ ಇನ್ನೂ ಇದೆಯೇ ಎಂದು ನೋಡಬೇಕಂತೆ.