ನಾವು ಅಂಗಡಿ ನಡೆಸ್ತೀವಿ, ಅವರು ಓಡಿಸ್ತಾರೆ

ಇಂಗ್ಲಿಷಿನಲ್ಲಿ ಅತಿ ಕಷ್ಟದ ಪದ ಯಾವುದು ಅಂತ ಕೇಳಿದರೆ ಬಹಳ ಜನ ಉದ್ದುದ್ದ ಪದಗಳನ್ನು ಹುಡುಕೋಕೆ ಹೊರಡ್ತಾರೆ. ನನ್ನನ್ನು ಕೇಳಿದರೆ ಅದು ಮೂರೇ ಅಕ್ಷರದ್ದು. ರನ್.

ನಗಬೇಡಿ, ಲೆಕ್ಕ ನೋಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ 1989ರಲ್ಲಿ ಬಂದಾಗ ಅದರಲ್ಲಿ ಅತಿ ಹೆಚ್ಚು ಜಾಗ ತಿಂದಿದ್ದ ಪದ ಸೆಟ್. ಸುಮಾರು 430 ಅರ್ಥ, 60,000 ಪದಗಳ ವಿವರಣೆ. ಒಂದು ಸಣ್ಣ ಕಾದಂಬರಿಯಷ್ಟಾಯ್ತು. ಮೂರನೇ ಆವೃತ್ತಿಗಾಗಿ ಪರಿಷ್ಕರಣೆ ನಡೆದಾಗ ರನ್ ಅದನ್ನು ಹಿಂದೆ ಹಾಕಿತು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಇದೊಂದೇ ಪದ ಹಿಡಿದು ಒಂಬತ್ತು ತಿಂಗಳು ಕೂತರು. ಕ್ರಿಯಾಪದವೊಂದಕ್ಕೇ ಸಿಕ್ಕ ಅರ್ಥಗಳು 645! ಒಂಬತ್ತು ತಿಂಗಳಲ್ಲಿ ನಮ್ಮ ಕಡೆ ಒಂದು ಪ್ರಾಜೆಕ್ಟು ಶುರುವಾಗಿ, ಮುಗಿದು, ಟೀಮ್ ಲಂಚೂ ಆಗಿರುತ್ತೆ.

ನನ್ನ ಊರು ಅರಸೀಕೆರೆ ಪಕ್ಕದ ಹಳ್ಳಿ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದ ಪೀಳಿಗೆ ನಮ್ಮದು. ಆದರೆ ರನ್ ಮಾತ್ರ ಅದಕ್ಕೂ ಮೊದಲೇ ಗೊತ್ತಿತ್ತು, ಕ್ರಿಕೆಟ್ಟಿನಿಂದ. 'ಎಷ್ಟ್ ರನ್ನೋ?' ಅಂತ ರೇಡಿಯೋ ಹಿಡಿದವರನ್ನು ಕೇಳ್ತಿದ್ವಿ. ಸ್ಕೂಲಲ್ಲಿ ಆಗಸ್ಟ್ ಹದಿನೈದಕ್ಕೆ ರನ್ನಿಂಗ್ ರೇಸು. ಆಮೇಲೆ ಮೇಷ್ಟ್ರು ಬೋರ್ಡಿನ ಮೇಲೆ 'ರನ್ ಅಂದರೆ ಓಡು' ಅಂತ ಬರೆಸಿದರು. ಮುಗೀತು. ಬಿಇ ಸೇರೋ ತನಕ ಅದೊಂದೇ ಅರ್ಥದಲ್ಲಿ ಜೀವನ ಸಾಗಿತು.

ಈಗ ಆಫೀಸಿನ ಒಂದು ಮಾಮೂಲಿ ದಿನ ನೋಡಿ. ಬೆಳಿಗ್ಗೆ ಒಬ್ಬರು 'ರನ್ನಿಂಗ್ ಲೇಟ್' ಅಂತ ಮೆಸೇಜ್ ಹಾಕ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅವರು ಅಲ್ಲಾಡದೇ ನಿಂತಿರ್ತಾರೆ. ಇನ್ನೊಬ್ಬರು ಮೀಟಿಂಗ್ ರನ್ ಮಾಡ್ತಾರೆ, ಎಲ್ಲರೂ ಕೂತೇ ಇರ್ತಾರೆ. ಬಿಲ್ಡ್ ರನ್ ಆಗುತ್ತೆ, ಡಿಸ್ಕಿನ ಜಾಗ ರನ್ ಔಟ್ ಆಗುತ್ತೆ, ರಿಲೀಸಿಗೆ ಮುಂಚೆ ಡ್ರೈ ರನ್. ಯಾವುದರಲ್ಲೂ ಓಟ ಇಲ್ಲ.

ಕನ್ನಡಕ್ಕೆ ತಂದರೆ ಇನ್ನೂ ಮಜಾ. ಅವರ ಮೂಗು ಓಡುತ್ತೆ, ನಮ್ಮದು ಸೋರುತ್ತೆ. ಅವರ ನದಿ ಓಡುತ್ತೆ, ನಮ್ಮದು ಹರಿಯುತ್ತೆ. ಹೊಸ ಬಟ್ಟೆ ನೆನೆಹಾಕಿದರೆ ಅವರಲ್ಲಿ ಬಣ್ಣ ಓಡುತ್ತೆ, ನಮ್ಮಲ್ಲಿ ಬಣ್ಣ ಬಿಡುತ್ತೆ. ಅಮೆರಿಕದವರು ಚುನಾವಣೆಗೆ ಓಡ್ತಾರೆ, ನಮ್ಮವರು ನಿಲ್ತಾರೆ. ಗೆದ್ದ ಮೇಲೆ ರೆಸಾರ್ಟಿಗೆ ಓಡೋದು ಬೇರೆ ವಿಷಯ. ಅಂಗಡಿ, ಸ್ಕೂಲು, ಸರ್ಕಾರ ಎಲ್ಲವನ್ನೂ ಅವರು ಓಡಿಸ್ತಾರೆ, ನಾವು ನಡೆಸ್ತೀವಿ. ಹಾಗಂತ ನಮ್ಮ ಓಡು ಏನೂ ಕಮ್ಮಿ ಇಲ್ಲ: ಸಿನಿಮಾ ನೂರು ದಿನ ಓಡುತ್ತೆ, ಬೋರ್‌ವೆಲ್ ಮೋಟಾರ್ ರಾತ್ರಿಯಿಡೀ ಓಡುತ್ತೆ, ಪರೀಕ್ಷೆ ಹಿಂದಿನ ದಿನ ತಲೆ ಮಾತ್ರ ಓಡಲ್ಲ.

'ಅಷ್ಟು ಕಷ್ಟವಾದರೆ ಸಮಾನಾರ್ಥಕ ಪದ ಬಳಸಿ' ಅನ್ನಬಹುದು. ಬೇಕಾದಷ್ಟಿವೆ: ಆಪರೇಟ್, ಮ್ಯಾನೇಜ್, ಎಕ್ಸಿಕ್ಯೂಟ್, ಫ್ಲೋ. ಆದರೆ ಒಂದೊಂದೂ ರನ್ನಿನ ಒಂದೊಂದು ಮೂಲೆಗೆ ಮಾತ್ರ ಆಗಿಬರುತ್ತೆ. ಪ್ರೋಗ್ರಾಮನ್ನು ಎಕ್ಸಿಕ್ಯೂಟ್ ಮಾಡಬಹುದು, ಮೂಗನ್ನಲ್ಲ. ಮನುಷ್ಯರನ್ನು ಎಕ್ಸಿಕ್ಯೂಟ್ ಮಾಡಿದರಂತೂ ಗಲ್ಲಿಗೇರಿಸಿದ ಹಾಗೆ. ಇಂಗ್ಲಿಷಿಗೆ ಹೀಗೆ ಎರಡು ಪದರ ಇರೋದಕ್ಕೆ ಕಾರಣ ಅದರ ಚರಿತ್ರೆ. ರನ್, ಸೆಟ್, ಗೆಟ್‌ಗಳಂಥವು ಜರ್ಮ್ಯಾನಿಕ್ ಬೇರಿನ ಮನೆಮಾತಿನ ಪದಗಳು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಕೋರ್ಟು, ಕಚೇರಿ, ಓದುಬರಹಕ್ಕೆ ಫ್ರೆಂಚ್, ಲ್ಯಾಟಿನ್ ಮೂಲದ ಪದಗಳು ಹೊಳೆಯಂತೆ ಬಂದವು. ನಮ್ಮಲ್ಲಿ 'ನಡೆಸು' ಪಕ್ಕ 'ನಿರ್ವಹಿಸು' ಬಂದು ಕೂತ ಹಾಗೆ.

ನಾನು ಹೇಳಬೇಕಾಗಿದ್ದ ವಿಷಯ ಇಲ್ಲಿಂದ ಶುರು. ಹಳ್ಳಿ ಸ್ಕೂಲಿನಿಂದ ಬಂದ ನಮಗೆ ಇಂಗ್ಲಿಷ್ ಸಿಕ್ಕಿದ್ದು ಪುಸ್ತಕದಿಂದ. ಹಾಗಾಗಿ ದೊಡ್ಡ ಪದಗಳೇ ನಮಗೆ ಸುಲಭ. ಫೋಟೋಸಿಂಥೆಸಿಸ್ಸಿಗೆ ಒಂದೇ ಅರ್ಥ. ಬಾಯಿಪಾಠ ಮಾಡಿದರೆ ಸತ್ತರೂ ಮರೆಯಲ್ಲ. ಕೈ ಕೊಡೋದು ಮನೆಮಾತಿನ ಪುಟ್ಟ ಪದಗಳು. ಅದರಲ್ಲೂ ಅವುಗಳ ಬಾಲಕ್ಕೆ ಬೈ, ಇಂಟು, ಓವರ್ ಸೇರಿಕೊಂಡಾಗ.

ಎರಡು ವರ್ಷದ ಹಿಂದೆ ನಮ್ಮ ಟೀಮಿಗೆ ಒಬ್ಬ ಹುಡುಗ ಸೇರಿದ. ಗುಬ್ಬಿ ಕಡೆಯವನು, ಕನ್ನಡ ಮೀಡಿಯಂ, ಕೆಲಸದಲ್ಲಿ ಚುರುಕು. ಒಂದು ಶುಕ್ರವಾರ ಸಂಜೆ ಬೇರೆ ದೇಶದಲ್ಲಿ ಕೂತ ಮ್ಯಾನೇಜರ್ ಒಬ್ಬರಿಂದ ಅವನಿಗೆ ಒಂದು ಸಾಲಿನ ಮೇಲ್ ಬಂತು: 'ರನ್ ದ ಸ್ಕ್ರಿಪ್ಟ್ ಬೈ ದ ಆಪರೇಶನ್ಸ್ ಟೀಮ್ ಬಿಫೋರ್ ಮಂಡೇ.' ಅವರು ಹೇಳಿದ್ದು 'ಸ್ಕ್ರಿಪ್ಟನ್ನು ಆಪರೇಶನ್ಸ್ ಟೀಮಿಗೆ ತೋರಿಸಿ ಒಪ್ಪಿಗೆ ತಗೋ' ಅಂತ. ಇವನು ಓದಿಕೊಂಡಿದ್ದು 'ಆಪರೇಶನ್ಸ್ ಟೀಮಿನಿಂದ ರನ್ ಮಾಡಿಸು' ಅಂತ. ಶನಿವಾರ ರಾತ್ರಿ ಊಟ ಬಿಟ್ಟು, ಆ ಟೀಮಿನವರನ್ನು ಫೋನಿನಲ್ಲಿ ಹಿಡಿದು, ರನ್ ಮಾಡಿಸೇಬಿಟ್ಟ. ಹಳೇ ರೆಕಾರ್ಡುಗಳನ್ನು ಅಳಿಸುವ ಸ್ಕ್ರಿಪ್ಟು ಅದು. ಭಾನುವಾರ ಬ್ಯಾಕಪ್ಪಿನಿಂದ ಎಲ್ಲ ವಾಪಸ್ ತಂದಿದ್ದಾಯ್ತು. ಸ್ಕ್ರಿಪ್ಟಿನಲ್ಲಿ ಒಂದೂ ತಪ್ಪಿರಲಿಲ್ಲ ಅನ್ನೋದನ್ನು ಯಾರೂ ನೋಡಲಿಲ್ಲ. ಆ ವರ್ಷದ ಅಪ್ರೈಸಲ್ಲಿನಲ್ಲಿ ಬಂದಿದ್ದು ಒಂದೇ ಮಾತು: ಕಮ್ಯುನಿಕೇಶನ್ ಸುಧಾರಿಸಬೇಕು. ರೇಟಿಂಗ್ ಇಳಿಯಿತು, ಹೈಕೂ ಹೋಯ್ತು.

ದುಡ್ಡು ಹೋದರೆ ಹೋಗಲಿ. ಹುಡುಗ ಮೀಟಿಂಗಿನಲ್ಲಿ ಬಾಯಿ ಬಿಡೋದನ್ನೇ ನಿಲ್ಲಿಸಿದ. ಕ್ಯಾಂಟೀನಿನಲ್ಲಿ ನೋಡಿದರೆ ತಟ್ಟೆ ಪಕ್ಕ ಒಂದು ದಪ್ಪನೆ ವೊಕ್ಯಾಬುಲರಿ ಪುಸ್ತಕ. ಅಮೆರಿಕಕ್ಕೆ ಓದೋಕೆ ಹೋಗೋರು ಉರು ಹೊಡೀತಾರಲ್ಲ, ಆ ಥರದ್ದು. 'ದಿನಕ್ಕೆ ಇಪ್ಪತ್ತು ಪದ ಅಣ್ಣ' ಅಂದ. ಸಂಕಟ ಆಯ್ತು. ಅವನಿಗೆ ತೊಡಕಾಗಿದ್ದ ಪದ ಆ ಪುಸ್ತಕದಲ್ಲಿ ಇರೋಕೆ ಸಾಧ್ಯವೇ ಇಲ್ಲ. ಅದು ಎಲ್ಲರಿಗೂ ಗೊತ್ತಿರೋ ಪದ ಅಂತ ಬರೆದವರು ಬಿಟ್ಟಿರ್ತಾರೆ.

'ಪುಸ್ತಕ ಮುಚ್ಚು. ನಮ್ಮ ಹಿಡಿ ಅನ್ನೋ ಪದಕ್ಕೆ ಎಷ್ಟು ಅರ್ಥ ಇದೆ ಬರ್ಕೊಂಡ್ ಬಾ' ಅಂದೆ. ಮಾರನೇ ದಿನ ಬಸ್ಸಿನಲ್ಲಿ ಕೂತು ಬರೆದ ಪಟ್ಟಿ ತಂದ. ಬಸ್ ಹಿಡಿಯೋದು, ಕಳ್ಳನ್ನ ಹಿಡಿಯೋದು, ಕಬ್ಬಿಣಕ್ಕೆ ತುಕ್ಕು ಹಿಡಿಯೋದು, ಅನ್ನ ತಳ ಹಿಡಿಯೋದು, ಮಳೆ ಹಿಡ್ಕೊಳ್ಳೋದು, ಅಜ್ಜಿ ಹಾಸಿಗೆ ಹಿಡಿಯೋದು, ಮಗು ಹಠ ಹಿಡಿಯೋದು, ಸೊಂಟ ಹಿಡ್ಕೊಳ್ಳೋದು, ಕೆಲಸಕ್ಕೆ ಎರಡು ದಿನ ಹಿಡಿಯೋದು, ಚೀಲದಲ್ಲಿ ಇಪ್ಪತ್ತು ಸೇರು ಹಿಡಿಯೋದು, ಹುಡುಗಿಗೆ ಹುಡುಗ ಹಿಡಿಸೋದು. ಹೀಗೇ ಮೂವತ್ತೊಂದು.

'ಇದನ್ನೆಲ್ಲ ಯಾವ ಪುಸ್ತಕದಿಂದ ಉರು ಹೊಡೆದೆ?' ಅಂತ ಕೇಳಿದೆ.

'ಯಾರು ಉರು ಹೊಡೀತಾರಣ್ಣ, ಬಂತು ಅಷ್ಟೇ.'

ಅದೇ ಉತ್ತರ. ಪುಟ್ಟ ಪದಗಳು ಪಟ್ಟಿಯಿಂದ ಬರಲ್ಲ, ಒಡನಾಟದಿಂದ ಬರ್ತವೆ. ಅಡುಗೆಮನೆ, ಬಸ್ ಸ್ಟ್ಯಾಂಡು, ಜಗಳ, ತಮಾಷೆ, ಇಷ್ಟೂ ಬೇಕು. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಅದರಲ್ಲಿ ಒಂದಿಷ್ಟು ಮನೆಯಲ್ಲೇ ಸಿಕ್ಕಿರುತ್ತೆ. ನಮಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ, ಸಂಬಳ ತಗೊಳ್ತಾ, ಎಲ್ಲರ ಎದುರಿಗೆ ಕಲಿಯಬೇಕಾಗುತ್ತೆ. ಅದು ಬುದ್ಧಿಯ ಕೊರತೆ ಅಲ್ಲ, ಒಡನಾಟದ ಕೊರತೆ. ಎರಡನ್ನೂ ಅಪ್ರೈಸಲ್ ಫಾರಂ ಒಂದೇ ಕಾಲಮ್ಮಿನಲ್ಲಿ ಬರೆದುಬಿಡುತ್ತೆ.

ನಿಮ್ಮ ಟೀಮಿನಲ್ಲೂ ಗುಬ್ಬಿಯಿಂದಲೋ ಸಿಂಧನೂರಿನಿಂದಲೋ ಬಂದ ಇಂಥವರು ಇರ್ತಾರೆ. ಅವರಿಗೆ ಮೇಲ್ ಬರೆಯುವಾಗ ತೋರಿಸು ಅನ್ನೋ ಕಡೆ ಶೋ ಅಂತಲೇ ಬರೀರಿ. ನಿಮ್ಮ ಇಂಗ್ಲಿಷಿಗೆ ಏನೂ ಕಮ್ಮಿ ಆಗಲ್ಲ. ಅವರು ಏನಾದರೂ ತಿರುಗಿ ಕೇಳಿದರೆ ಇಷ್ಟೂ ಗೊತ್ತಿಲ್ವಾ ಅಂತ ಹುಬ್ಬೇರಿಸಬೇಡಿ. ಆ ಒಂದು ಹುಬ್ಬು ಸಾಕು, ಇನ್ನೊಂದು ವರ್ಷ ಬಾಯಿ ಮುಚ್ಚಿಸೋಕೆ.

ನಮ್ಮ ಹುಡುಗ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಆಫೀಸಿನಲ್ಲಿ ಕಿವಿಗೆ ಬಿದ್ದ ರನ್ ಎಲ್ಲ ಅದರಲ್ಲಿ, ಯಾರು ಯಾವಾಗ ಹೇಳಿದರು ಅನ್ನೋದರ ಸಮೇತ. ಹೋದ ವಾರ ಕಾಲ್‌ನಲ್ಲಿ ಯಾರೋ 'ಲೆಟ್ಸ್ ರನ್ ವಿತ್ ಇಟ್' ಅಂದರು. ಇವನು ಮೈಕ್ ಆನ್ ಮಾಡಿ, 'ಎಕ್ಸಿಕ್ಯೂಟ್ ಮಾಡೋದಾ, ಪ್ಲಾನ್ ಒಪ್ಪಿಕೊಂಡು ಮುಂದುವರಿಯೋದಾ?' ಅಂತ ಇಂಗ್ಲಿಷಿನಲ್ಲೇ ಕೇಳಿದ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಇಬ್ಬರು ಒಟ್ಟಿಗೆ ಮಾತಾಡಿದರು. ಒಬ್ಬರು ಎಕ್ಸಿಕ್ಯೂಟ್ ಅಂದರು, ಇನ್ನೊಬ್ಬರು ಪ್ಲಾನ್ ಅಂದರು.