ಕೊಳಗ ದೊಡ್ಡದಿರಬೇಕೋ, ಒತ್ತಿ ತುಂಬಬೇಕೋ?

ಮಂಡ್ಯ ಪಟ್ಟಣದ ಗದ್ದಲ ಹಿಂದೆ ಸರಿದು, ರಸ್ತೆಯ ಎರಡೂ ಬದಿಗೆ ಕಬ್ಬು, ಭತ್ತಗಳ ಹಸಿರು ಒತ್ತಿಕೊಂಡು ಬರತೊಡಗಿದರೆ ವಿ.ಸಿ. ಫಾರಂ ಹತ್ತಿರವಾಯಿತೆಂದೇ ಲೆಕ್ಕ. ವಿ.ಸಿ. ಎಂದರೆ ವಿಶ್ವೇಶ್ವರಯ್ಯ ಕೆನಾಲ್. ಕನ್ನಂಬಾಡಿಯ ನೀರನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣ ಹೊಲಗಳಿಗೆ ತಂದ ಈ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ಮಳೆಯನ್ನೇ ನಂಬಿದ್ದ ನೆಲಕ್ಕೆ ದಿಢೀರನೆ ನೀರು ಬಂದರೆ ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು? ಅದನ್ನು ಮಾಡಿ ನೋಡಲೆಂದು 1931ರಲ್ಲಿ ಆರಂಭವಾದ ಫಾರಂ ಇದು. ಆಗ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದವರು ಕೆನಡಾದ ಲೆಸ್ಲಿ ಕೋಲ್ಮನ್. ಎರಡೇ ವರ್ಷದಲ್ಲಿ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿಯೂ ಹುಟ್ಟಿತು.

ನಾಡಿಗೆ ಈ ಜಾಗ ಪರಿಚಯವಿರುವುದು ಬೀಜದಿಂದ. ಇಂಡಿಯಾದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆಸೆದು 'ಇಂಡಾಫ್' ತಳಿಗಳನ್ನು ಕೊಟ್ಟ 'ರಾಗಿ' ಲಕ್ಷ್ಮಣಯ್ಯನವರು ಬೆವರು ಸುರಿಸಿದ್ದು ಇಲ್ಲಿಯೇ. ಕೆ.ಆರ್.ಎಚ್.-2 ಎಂಬ ಹೈಬ್ರಿಡ್ ಭತ್ತವೂ ಇಲ್ಲಿಯದೇ. ಆದರೆ ಕೃಷಿ ಮೇಳದ ದಿನ ಬಂದು ನೋಡಬೇಕು. ಬೀಜದ ಮಳಿಗೆಯಲ್ಲಿ ಹೆಂಗಸರು, ಹಿರಿಯರು ಇದ್ದರೆ, ಹುಡುಗರೆಲ್ಲ ಯಂತ್ರಗಳ ಸುತ್ತ! ಕೆಂಪು, ನೀಲಿ, ಹಸಿರು ಬಣ್ಣದ ಟ್ರ್ಯಾಕ್ಟರುಗಳ ಮೇಲೆ ಒಬ್ಬರಾದ ಮೇಲೊಬ್ಬರು ಹತ್ತಿ ಕೂರುತ್ತಾರೆ. ಕೆಳಗೆ ನಿಂತ ಅಪ್ಪಂದಿರದು ಒಂದೇ ಪ್ರಶ್ನೆ: 'ಎಷ್ಟು ಎಚ್.ಪಿ. ಅಣ್ಣ ಇದು? ಎಳೀತದಾ?'

ಈ ಎರಡು ಪ್ರಶ್ನೆಗಳು ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಎರಡನೆಯದಕ್ಕೆ ಉತ್ತರ ಬೇಕಾದರೆ ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ 'ಸಿ.ಸಿ.'ಯನ್ನು ಓದಬೇಕು. ಪಿಸ್ಟನ್ ಮೇಲಿನಿಂದ ಕೆಳಕ್ಕಿಳಿದಾಗ ಸಿಲಿಂಡರಿನಲ್ಲಿ ತೆರವಾಗುವ ಜಾಗವೇ ಸಿ.ಸಿ. ಕಣದಲ್ಲಿ ರಾಶಿ ಅಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದು ಎಂಜಿನ್ನಿನ ಕೊಳಗ. ಪ್ರತಿ ಸಲ ಅಷ್ಟು ಗಾಳಿಯನ್ನು ಅದು ಮೊಗೆದುಕೊಳ್ಳುತ್ತದೆ. ಗಾಳಿ ಎಷ್ಟು ಬಂತೋ ಅದಕ್ಕೆ ತಕ್ಕಷ್ಟೇ ಎಣ್ಣೆ ಉರಿದೀತು, ಅದಕ್ಕೆ ತಕ್ಕಷ್ಟೇ ಶಕ್ತಿ ಹುಟ್ಟೀತು.

ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಎತ್ತಿನ ಗಾಣ ಹೋದ ಮೇಲೆ ಎಂಜಿನ್ ಬಂತು. ಒಂದು ಜೋಡಿ ಎತ್ತಿನ ಬಲ ಹೆಚ್ಚೆಂದರೆ ಒಂದು ಅಶ್ವಶಕ್ತಿ. ಆ ಕಾಲದ ಹಳೆಯ ಲಿಸ್ಟರ್ ಎಂಜಿನ್ನಿನದು 6 ಅಶ್ವಶಕ್ತಿ. ಅದರ ಒಂಟಿ ಸಿಲಿಂಡರು ಬರೋಬ್ಬರಿ 1433 ಸಿ.ಸಿ.! ನಿಮಿಷಕ್ಕೆ ಕೇವಲ 650 ಸುತ್ತು. 'ಡುಬ್... ಡುಬ್...' ಎಂದು ಅದು ಹೊಡೆದುಕೊಳ್ಳುವ ಸದ್ದನ್ನು ದೂರದಿಂದಲೇ ಎಣಿಸಬಹುದಿತ್ತು. ಆಮೇಲೆ ಪಂಪ್‌ಸೆಟ್ಟುಗಳಿಗೆ ಬಂದ ಕಿರ್ಲೋಸ್ಕರ್ ಎ.ವಿ.-1ರದು 553 ಸಿ.ಸಿ., 1500 ಸುತ್ತು, 5 ಅಶ್ವಶಕ್ತಿ. ಕೊಳಗ ಅರ್ಧಕ್ಕಿಂತ ಚಿಕ್ಕದಾದರೂ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಇದೆಯಲ್ಲ, ಏನು ಮಾಯೆ? ಮಾಯೆಯಿಲ್ಲ, ಗುಣಾಕಾರ. ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುವ ಎಂಜಿನ್ನುಗಳಿವು. ಲಿಸ್ಟರ್ ನಿಮಿಷಕ್ಕೆ ಸುಮಾರು 465 ಲೀಟರ್ ಗಾಳಿ ಮೊಗೆಯುತ್ತದೆ, ಕಿರ್ಲೋಸ್ಕರ್ ಸುಮಾರು 415. ದೊಡ್ಡ ಕೊಳಗದವನು ನಿಧಾನವಾಗಿ ಅಳೆದ, ಚಿಕ್ಕ ಕೊಳಗದವನು ಬೇಗ ಬೇಗ ಅಳೆದ. ರಾಶಿ ಸರಿಸುಮಾರು ಒಂದೇ. ಆದರೆ ಯಾರ ಕೈ ಮೊದಲು ಸೋಲುತ್ತದೆ? ಆಲೆಮನೆಯವರು ಲಿಸ್ಟರನ್ನು ಮೊಮ್ಮಕ್ಕಳ ಕಾಲದವರೆಗೂ ಇಟ್ಟುಕೊಂಡದ್ದಕ್ಕೆ ಕಾರಣ ಇದರಲ್ಲೇ ಇದೆ.

ಮಾರುತಿ 800 ಕಾರಿನದು 796 ಸಿ.ಸಿ., ಸುಮಾರು 37 ಅಶ್ವಶಕ್ತಿ. ಮ್ಯಾಸಿ ಫರ್ಗ್ಯೂಸನ್ 1035 ಟ್ರ್ಯಾಕ್ಟರಿನದು 36 ಅಶ್ವಶಕ್ತಿ, ಸಿ.ಸಿ. ಮಾತ್ರ 2400. ಕಾಗದದ ಮೇಲೆ ಕಾರೇ ಒಂದು ಕೈ ಮೇಲು. ಕಾರಿಗೆ ನೇಗಿಲು ಕಟ್ಟಿ ನೋಡಲಿ! ಅಷ್ಟು ಶಕ್ತಿ ತೋರಿಸಲು ಅದು ಟ್ರ್ಯಾಕ್ಟರಿನ ಎರಡು-ಮೂರು ಪಟ್ಟು ವೇಗದಲ್ಲಿ ಕಿರುಚಬೇಕು. ಮಣ್ಣಿನಲ್ಲಿ ಕಲ್ಲು ಸಿಕ್ಕಿ ವೇಗ ಕುಸಿದ ಗಳಿಗೆಗೆ ಶಕ್ತಿಯೂ ಕುಸಿಯಿತು. ಟ್ರ್ಯಾಕ್ಟರಿನ ದೊಡ್ಡ ಕೊಳಗವಾದರೋ ವೇಗ ಇಳಿದರೂ ಜಗ್ಗುವುದನ್ನು ಬಿಡುವುದಿಲ್ಲ.

ಹಾಗಾದರೆ ಕೊಳಗವನ್ನು ಹಿಗ್ಗಿಸದೆ, ವೇಗವನ್ನೂ ಏರಿಸದೆ ಶಕ್ತಿ ಹೆಚ್ಚಿಸಲು ದಾರಿಯಿಲ್ಲವೇ? ಇದೆ. ಕೊಳಗವನ್ನು ಕುಲುಕಿ, ಒತ್ತಿ ತುಂಬುವುದು. ಎಂಜಿನ್ನಿನದೇ ಬೆಲ್ಟಿನಿಂದ ತಿರುಗುವ ಪಂಪು ಗಾಳಿಯನ್ನು ಒಳಕ್ಕೆ ನೂಕಿದರೆ ಸೂಪರ್‌ಚಾರ್ಜರ್. ಹೊರಹೋಗುವ ಹೊಗೆಯ ಬಲದಿಂದಲೇ ತಿರುಗಿದರೆ ಟರ್ಬೊ. ಈಗ ಹಲವು ಟ್ರ್ಯಾಕ್ಟರುಗಳಲ್ಲಿ ಟರ್ಬೊ ಇದೆ. ವಿ.ಸಿ. ಫಾರಂ ಸಮುದ್ರಮಟ್ಟಕ್ಕಿಂತ ಸುಮಾರು 690 ಮೀಟರ್ ಎತ್ತರದಲ್ಲಿದೆ. ಕಡಲತೀರಕ್ಕಿಂತ ಇಲ್ಲಿಯ ಗಾಳಿ ನೂರಕ್ಕೆ ಆರೇಳು ಪಾಲು ತೆಳು. ಸುಮ್ಮನೆ ಗಾಳಿ ಎಳೆಯುವ ಎಂಜಿನ್ನಿಗೆ ಅಷ್ಟು ನಷ್ಟ. ಟರ್ಬೊ ಆ ಕೊರತೆಯನ್ನು ತುಂಬಿಕೊಡುತ್ತದೆ.

ರೇಸಿನ ಕಾರು ಕಟ್ಟುವವರು ಇಲ್ಲಿಗೂ ನಿಲ್ಲುವುದಿಲ್ಲ. ಸೂಪರ್‌ಚಾರ್ಜರಿನ ಜೊತೆಗೆ ನೈಟ್ರಸ್ ಆಕ್ಸೈಡಿನ ಬಾಟಲಿಯನ್ನೂ ಜೋಡಿಸುತ್ತಾರೆ. ದಂತವೈದ್ಯರು ಬಳಸುವ ನಗೆ ಅನಿಲವೇ ಅದು. ಗಾಳಿಯ ತೂಕದಲ್ಲಿ ಆಮ್ಲಜನಕ ನೂರಕ್ಕೆ 23 ಪಾಲಾದರೆ ಇದರಲ್ಲಿ 36. ಎಂಜಿನ್ನಿನ ಕಾವಿಗೆ ಅದು ಒಡೆದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಗುಂಡಿ ಒತ್ತಿದ ಕೆಲವೇ ಸೆಕೆಂಡು ಕಾರು ಚಿಮ್ಮುತ್ತದೆ. (ಯೂರಿಯಾ ಎರಚಿದ ಗದ್ದೆ ಒಮ್ಮೆ ಒಣಗಿ ಒಮ್ಮೆ ನೆನೆದಾಗ ಮಣ್ಣಿನ ಸೂಕ್ಷ್ಮಜೀವಿಗಳು ಹೊರಬಿಡುವುದೂ ಇದೇ ಅನಿಲ. ಮಂಡ್ಯದ ರೈತ ದುಡ್ಡು ಕೊಟ್ಟು ತಂದ ಸಾರಜನಕ ಹಾಗೆ ನಗುತ್ತಾ ಹಾರಿಹೋಗುತ್ತದೆ!)

ಇಷ್ಟೆಲ್ಲ ಇದ್ದ ಮೇಲೆ ಸಿ.ಸಿ. ಎಷ್ಟಿದ್ದರೇನು ಎನ್ನಿಸಬಹುದು. ಆದರೆ ಆ ಕಾರು ಕಟ್ಟುವವರು ಮೊದಲು ತಲೆಕೆಡಿಸಿಕೊಳ್ಳುವುದೇ ಅದಕ್ಕೆ. ಹೊರಗಿನ ಗಾಳಿಯ ಎರಡರಷ್ಟು ಒತ್ತಡದಲ್ಲಿ ತುಂಬಿದರೆ ಎರಡು ಲೀಟರ್ ಎಂಜಿನ್ನು ಲೆಕ್ಕಕ್ಕೆ ನಾಲ್ಕು ಲೀಟರಿನಷ್ಟು ಗಾಳಿ ನುಂಗೀತು. ಆದರೆ ಒತ್ತಿದ ಗಾಳಿ ಕಾಯುತ್ತದೆ. ಸೂಪರ್‌ಚಾರ್ಜರನ್ನು ತಿರುಗಿಸಲು ಎಂಜಿನ್ನಿನ ಶಕ್ತಿಯೇ ಖರ್ಚಾಗುತ್ತದೆ. ಪೆಟ್ರೋಲು ಕಿಡಿ ಬೀಳುವ ಮೊದಲೇ ಸಿಡಿಯುವ ಅಪಾಯವೂ ಉಂಟು. ಪಿಸ್ಟನ್, ಕನೆಕ್ಟಿಂಗ್ ರಾಡ್, ಹೆಡ್ಡಿನ ಗ್ಯಾಸ್ಕೆಟ್ ಎಲ್ಲಕ್ಕೂ ಹೆಚ್ಚಿನ ಗಟ್ಟಿತನ ಬೇಕು. ದೊಡ್ಡ ಎಂಜಿನ್ನಿಗೆ ಹಗುರವಾಗಿ ಒತ್ತಿ, ಚೂರೇ ನೈಟ್ರಸ್ ಕೊಟ್ಟರೆ ಅಷ್ಟೇ ಶಕ್ತಿ, ಕಡಿಮೆ ಒತ್ತಡ. ತೂಕ ಮಾತ್ರ ಹೆಚ್ಚು.

ಹಳ್ಳಿಯಲ್ಲಿ ಇದರ ಬಡ ತಮ್ಮನೊಬ್ಬನಿದ್ದಾನೆ: ಡೀಸೆಲ್ ಪಂಪಿನ ತಿರುಪು. ಅದನ್ನು ತಿರುಗಿಸಿದರೆ ಎಣ್ಣೆ ಹೆಚ್ಚು ಸುರಿಯುತ್ತದೆ, ಕಬ್ಬಿನ ಟ್ರೈಲರ್ ದಿಬ್ಬ ಹತ್ತುತ್ತದೆ. ಗಾಳಿ ಮಾತ್ರ ಮೊದಲಿನಷ್ಟೇ! ಉರಿಯದೆ ಉಳಿದ ಎಣ್ಣೆ ಕಪ್ಪು ಹೊಗೆಯಾಗಿ ಹೊರಬರುತ್ತದೆ, ಕಾವು ಏರುತ್ತದೆ. ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಎರಡು ಟ್ರೈಲರ್ ಎಳೆದುಕೊಂಡು ಕರಿಹೊಗೆ ಉಗುಳುವ ಟ್ರ್ಯಾಕ್ಟರನ್ನು ಕಂಡರೆ, ಇವನ ಕೊಳಗಕ್ಕೆ ಮೀರಿದ ರಾಶಿಯೆಂದು ತಿಳಿಯಬಹುದು.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊಗಳ ಜೊತೆ ಟ್ರ್ಯಾಕ್ಟರಿಗೂ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲವಾಯಿತು. ಚಿಕ್ಕ ಕೊಳಗ, ಟರ್ಬೊ ಕಟ್ಟಿದ ಕಾರುಗಳು ಬೇಲಿಯ ಒಳಗೆ. ದೊಡ್ಡ ಕೊಳಗದ ಟ್ರ್ಯಾಕ್ಟರು ಬೇಲಿಯ ಹೊರಗೆ, ಸರ್ವಿಸ್ ರಸ್ತೆಯಲ್ಲಿ.

ಕೆಸರುಗದ್ದೆಗೆ ಇಳಿದರೆ ಈ ಲೆಕ್ಕವೂ ತಲೆಕೆಳಗು. ಅಲ್ಲಿ ಎಳೆತದಷ್ಟೇ ತೂಕವೂ ಮುಖ್ಯ. ಭಾರದ ಟ್ರ್ಯಾಕ್ಟರು ಕೇಜ್ ವೀಲ್ ಹಾಕಿದ್ದರೂ ಹೂತುಕೊಂಡೀತು. ಅದನ್ನೆಳೆಯಲು ಇನ್ನೊಂದನ್ನು ಕರೆಯಬೇಕು. 673 ಸಿ.ಸಿ., 13 ಅಶ್ವಶಕ್ತಿಯ ಶಕ್ತಿ ಟಿಲ್ಲರು ಅರ್ಧ ಟನ್ನಿಗೂ ಕಡಿಮೆ ತೂಗುತ್ತದೆ. ಗದ್ದೆಯ ಮೂಲೆಯಲ್ಲೂ ತಿರುಗುತ್ತದೆ. ಹಿಂದೆ ನಡೆಯುವವನ ಕಾಲು ಮಾತ್ರ ಸೋಲುತ್ತದೆ. ಕಬ್ಬಿಗೆ ಆಳದ ಉಳುಮೆ ಮಾಡಬೇಕಾದ ಮದ್ದೂರಿನವನಿಗೆ ಅದು ಸಾಲದು. ಮಳವಳ್ಳಿಯ ಕೆಂಪು ನೆಲದಲ್ಲಿ ರಾಗಿ ಬಿತ್ತುವವನಿಗೆ ಎರಡರ ನಡುವಿನದು ಸಾಕು.

ಈಗ ಮತ್ತೆ ಮೇಳದ ಆ ಅಪ್ಪನ ಪ್ರಶ್ನೆಗೆ ಬರಬಹುದು. ಜಿಲ್ಲೆಯಲ್ಲಿ ಎರಡೂವರೆ ಎಕರೆಗಿಂತ ಕಡಿಮೆ ಹಿಡುವಳಿಯವರೇ ಬಹುಪಾಲು. ಮಗ ಬಯಸುವುದು 50 ಅಶ್ವಶಕ್ತಿಯ ಟ್ರ್ಯಾಕ್ಟರು. ಅದರ ಕಂತು ಕಟ್ಟಲು ಆ ಎರಡು ಎಕರೆ ಸಾಲದು. ಊರಿನವರ ಹೊಲ ಉಳಬೇಕು, ಕಾರ್ಖಾನೆಗೆ ಕಬ್ಬು ಹೊಡೆಯಬೇಕು. ಕಾರ್ಖಾನೆ ದುಡ್ಡು ಕೊಡುವುದು ತಡವಾದರೆ ಕಂತು ನಿಲ್ಲುತ್ತದೆ. ಕಬ್ಬಿನ ಬಾಕಿ, ಸಾಲಗಳ ಸುಳಿಯಲ್ಲಿ 2015ರಲ್ಲಿ ಈ ಜಿಲ್ಲೆಯ ರೈತರು ಸಾಲುಸಾಲಾಗಿ ಪ್ರಾಣ ಕಳೆದುಕೊಂಡದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಹೀಗಾಗಿ ಬೇಕಾದ್ದಕ್ಕಿಂತ ಒಂದು ಸಾವಿರ ಸಿ.ಸಿ. ಹೆಚ್ಚಿಗೆ ಕೊಳ್ಳುವುದು ಬರೀ ಷೋಕಿಯ ಮಾತಲ್ಲ, ಪಹಣಿಯನ್ನು ಬ್ಯಾಂಕಿನಲ್ಲಿಡುವ ಮಾತು.

2014ರಲ್ಲಿ ಸರ್ಕಾರ ಆರಂಭಿಸಿದ 'ಕೃಷಿ ಯಂತ್ರಧಾರೆ' ಕೇಂದ್ರಗಳು ಯಂತ್ರಗಳನ್ನು ಬಾಡಿಗೆಗೆ ಕೊಡುತ್ತವೆ. ಟಿಲ್ಲರು ಬೇಕಾದಾಗ ಟಿಲ್ಲರು, ಟ್ರ್ಯಾಕ್ಟರು ಬೇಕಾದಾಗ ಟ್ರ್ಯಾಕ್ಟರು. ಸಿ.ಸಿ.ಯ ಚಿಂತೆ ಬಾಡಿಗೆ ಕೊಡುವವರದು. ತೊಡಕು ಒಂದೇ: ನಾಲೆಗೆ ನೀರು ಬಿಟ್ಟ ವಾರ ಎಲ್ಲರಿಗೂ ಅದೇ ದಿನ ಬೇಕು. ಆಗ ಕೇಂದ್ರದ ಬಾಗಿಲಲ್ಲಿ ನಿಂತವರ ಪ್ರಶ್ನೆ ಬೇರೆ: 'ಯಾವಾಗ ಕಳಿಸ್ತೀರಾ ಸಾರ್?'