ಅಲುಗುವ ಪೀಠ

ನಿವೃತ್ತಿಯ ದಿನ ಶಾಲೆಯವರು ಹೊದಿಸಿದ ಶಾಲನ್ನೂ ಕೊಟ್ಟ ಗೋಡೆ ಗಡಿಯಾರವನ್ನೂ ನಾನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಆದರೆ ನನ್ನ ನಿದ್ದೆಗೆಡಿಸಿದ ಉಡುಗೊರೆ ಬೇರೊಂದು. ಬೆಂಗಳೂರಿನಲ್ಲಿ ನೆಲೆಸಿರುವ ಹಳೆಯ ಶಿಷ್ಯನೊಬ್ಬ ಕಲಬುರಗಿಯ ನಮ್ಮ ಮನೆಗೆ ಬಂದು, ಆರು ಅಂಗುಲ ಅಗಲದ ಒಂದು ನಿಮ್ನ ದರ್ಪಣವನ್ನೂ ಅದಕ್ಕೆ ಹೊಂದುವ ಚಿಕ್ಕ ಕನ್ನಡಿಯನ್ನೂ ಎರಡು ನೇತ್ರಕಗಳನ್ನೂ ನನ್ನ ಕೈಗಿತ್ತ. “ಕೊಳವೆ, ಪೀಠ ನೀವೇ ಮಾಡಿಕೊಳ್ಳಿ ಸರ್, ಅದೇನೂ ಕಷ್ಟವಲ್ಲ” ಎಂದು ಹೇಳಿ ರೈಲು ಹತ್ತಿದ. ಜೀವನವಿಡೀ ಕನ್ನಡ ಕಲಿಸಿದ ನನಗೆ ಷಟ್ಪದಿಯ ಗಣಗಳನ್ನು ವಿಭಾಗಿಸುವುದು ಗೊತ್ತಿತ್ತು. ಗರಗಸ ಹಿಡಿಯುವುದು ಗೊತ್ತಿರಲಿಲ್ಲ.

ದೂರದರ್ಶಕವೆಂದರೆ ಕನ್ನಡಿಯೇ ಸರ್ವಸ್ವವೆಂದು ನಾವು ತಿಳಿಯುತ್ತೇವೆ. ಅದನ್ನು ಹೊತ್ತು ನಿಲ್ಲುವ ಪೀಠವನ್ನು ಯಾರೂ ಹೊಗಳುವುದಿಲ್ಲ. ಆದರೆ ನೂರಿಪ್ಪತ್ತು ಪಟ್ಟು ಹಿಗ್ಗಿಸಿ ತೋರಿಸುವ ಉಪಕರಣವು ಆಕಾಶಕಾಯವನ್ನು ಹಿಗ್ಗಿಸುವಂತೆಯೇ ತನ್ನ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಅದರ ಮೇಲೆ ಭೂಮಿಯ ಪರಿಭ್ರಮಣ ಬೇರೆ. ಗಂಟೆಗೆ ಹದಿನೈದು ಡಿಗ್ರಿಯಂತೆ ಆಕಾಶವು ಪಶ್ಚಿಮಕ್ಕೆ ಸರಿಯುವುದರಿಂದ, ನೇತ್ರಕದ ಪುಟ್ಟ ವೃತ್ತದೊಳಗೆ ಬಂದ ಗ್ರಹ ಒಂದೂವರೆ ನಿಮಿಷದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟಿ ಮಾಯವಾಗುತ್ತದೆ. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಕಾರ್ಯಾರಂಭ ಮಾಡಿದ 2.34 ಮೀಟರಿನ ವೇಣು ಬಪ್ಪು ದೂರದರ್ಶಕವು ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ಯಂತ್ರಬಲದಿಂದ ತಿರುಗುತ್ತ ನಕ್ಷತ್ರವನ್ನು ಹಿಂಬಾಲಿಸುತ್ತದೆ. ನಮ್ಮಂಥ ಬಡವರು ಕೈಯಿಂದಲೇ ನೂಕಬೇಕು.

ಹೀಗೆ ನೂಕುವವರಿಗೆ ದಾರಿ ಮಾಡಿಕೊಟ್ಟವನು ಜಾನ್ ಡಾಬ್ಸನ್. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದ ಈ ಅಮೆರಿಕನ್ನನು 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಆಶ್ರಮವನ್ನು ಸೇರಿ ಸಂನ್ಯಾಸಿಯಾದ. ಹಡಗಿನ ಕಿಟಕಿಯ ಹಳೆಯ ಗಾಜನ್ನು ಉಜ್ಜಿ ದರ್ಪಣ ಮಾಡಿದ. 1967ರಲ್ಲಿ ಆಶ್ರಮವನ್ನು ಬಿಟ್ಟು, ಮರುವರ್ಷ ಕೆಲವರೊಡನೆ ಕೂಡಿ ಬೀದಿಯಲ್ಲಿ ಹೋಗುವವರಿಗೆ ಆಕಾಶ ತೋರಿಸುವ ಒಂದು ಸಂಘವನ್ನು ಕಟ್ಟಿದ. ಅವನ ಪೀಠವೆಂದರೆ ಪ್ಲೈವುಡ್ಡಿನ ಒಂದು ಪೆಟ್ಟಿಗೆ ಅಷ್ಟೆ. ಸನ್‌ಮೈಕಾ ಹಾಳೆಯ ಮೇಲೆ ಟೆಫ್ಲಾನಿನ ತುಂಡುಗಳು ಜಾರುವುದರಿಂದ ಪೆಟ್ಟಿಗೆ ಸುತ್ತ ತಿರುಗುತ್ತದೆ. ಕೊಳವೆ ಅದರೊಳಗೆ ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ಡಾಬ್ಸನ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. 2014ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ ಲೋಕದ ಹವ್ಯಾಸಿಗಳೆಲ್ಲ ಅವನ ಹೆಸರಿನ ಪೀಠವನ್ನು ಬಲ್ಲವರಾಗಿದ್ದರು.

ನಾನೂ ಅಂಥದೊಂದನ್ನು ಮಾಡಿದೆ. ಪೆಟ್ಟಿಗೆಗೆ ನಾಲ್ಕು ಮೂಲೆಗಳಿದ್ದುದರಿಂದ ಮೂಲೆಗೊಂದರಂತೆ ನಾಲ್ಕು ಟೆಫ್ಲಾನ್ ತುಂಡುಗಳನ್ನು ತಳದ ಹಲಗೆಗೆ ಬಡಿದೆ. ಕೆಳಗೆ ಕಾಲುಗಳೂ ನಾಲ್ಕು. 2023ರ ಬೇಸಗೆಯಲ್ಲಿ ಮನೆಯ ಮಾಳಿಗೆಯ ಮೇಲೆ ಅದು ಬೆಣ್ಣೆಯಂತೆ ತಿರುಗಿತು. ಮಳೆಗಾಲವಿಡೀ ಅದನ್ನು ಮೆಟ್ಟಿಲ ಕೆಳಗಿನ ಸಂದಿಯಲ್ಲಿಟ್ಟು ಮರೆತೆ.

ನವೆಂಬರಿನಲ್ಲಿ ಕಮಲಾಪುರದಿಂದ ಕರೆ ಬಂತು. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ, ಕೆಂಪು ಬಾಳೆಗೆ ಹೆಸರಾದ ಆ ಊರಿನಲ್ಲಿ ನಾನು ಹಿಂದೆ ಕೆಲವು ವರ್ಷ ಪಾಠ ಹೇಳಿದ್ದೆ. ಮಕ್ಕಳಿಗೆ ಶನಿಯನ್ನು ತೋರಿಸಬೇಕೆಂದು ಅಲ್ಲಿಯ ಗೆಳೆಯರ ಅಪೇಕ್ಷೆ. ಶನಿಯನ್ನು ಬೇಕೆಂದೇ ನೋಡುವುದುಂಟೆ ಎಂದು ಹಿರಿಯರೊಬ್ಬರು ಗೊಣಗಿದರು; ಮಕ್ಕಳು ಸಾಲಾಗಿ ನಿಂತುಬಿಟ್ಟಿದ್ದರು. ನಾನು ಗ್ರಹವನ್ನು ನೇತ್ರಕದ ನಡುವೆ ಹಿಡಿದು ಬದಿಗೆ ಸರಿಯುವಷ್ಟರಲ್ಲಿ ಅದು ಅಂಚಿಗೆ ಹೋಗಿರುತ್ತಿತ್ತು. ಮೆಲ್ಲಗೆ ನೂಕಿದರೆ ಪೆಟ್ಟಿಗೆ ಮಿಸುಕದು. ಇನ್ನಷ್ಟು ಬಲ ಹಾಕಿದರೆ ಥಟ್ಟನೆ ನೆಗೆದು ಶನಿಯನ್ನು ದಾಟಿ ಎಲ್ಲಿಯೋ ಹೋಗಿ ನಿಲ್ಲುವುದು. ಮಗು ಕಣ್ಣಿಟ್ಟು ಕೊಳವೆಯನ್ನು ಮುಟ್ಟಿದರೆ ಸಾಕು, ಇಡೀ ಪೀಠ ಕುಂಟುತ್ತಿತ್ತು. ಆದರೂ ಒಬ್ಬೊಬ್ಬರಾಗಿ ಕಣ್ಣಿಟ್ಟ ಮಕ್ಕಳೆಲ್ಲ “ಕಾಣ್ತರಿ ಸರ, ಛಂದ ಅದರಿ” ಎನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ. ಕೊನೆಯಲ್ಲಿ ಬಂದ ಹುಡುಗಿಯೊಬ್ಬಳು ಬಹಳ ಹೊತ್ತು ಕಣ್ಣಿಟ್ಟು ನೋಡಿ, ತಲೆಯೆತ್ತಿ, “ನಂಗ ಏನೂ ಕಾಣ್ಲಿಲ್ರಿ ಸರ” ಎಂದಳು.

ನಾನು ಬಾಗಿ ನೋಡಿದೆ. ವೃತ್ತದೊಳಗೆ ಕತ್ತಲೆಯ ಹೊರತು ಏನೂ ಇರಲಿಲ್ಲ. ಹಾಗಾದರೆ ಅವಳಿಗಿಂತ ಮೊದಲು ನೋಡಿದವರಲ್ಲಿ ಎಷ್ಟು ಮಂದಿ ನನ್ನ ಮುಖ ನೋಡಿಯೇ “ಕಂಡಿತು” ಎಂದಿದ್ದರು? ತರಗತಿಯಲ್ಲಿ “ತಿಳಿಯಿತೇ?” ಎಂದು ಕೇಳಿದಾಗಲೆಲ್ಲ ಒಕ್ಕೊರಲಿನಿಂದ ಬಂದ “ಹೌದು”ಗಳೆಲ್ಲ ಆ ರಾತ್ರಿ ಬಸ್ಸಿನಲ್ಲಿ ಬರುವಾಗ ನೆನಪಾದವು. ಫೆಬ್ರವರಿಯ ಹೊತ್ತಿಗೆ ಶನಿ ಸೂರ್ಯನ ಪ್ರಭೆಯಲ್ಲಿ ಮರೆಯಾಗುವವನಿದ್ದ. ಅಷ್ಟರೊಳಗೆ ಆ ಹುಡುಗಿಗೆ ಉಂಗುರ ತೋರಿಸದಿದ್ದರೆ ನನ್ನ ಮಾತಿಗೆ ಅರ್ಥವಿಲ್ಲವೆನಿಸಿತು.

ಮರುದಿನದಿಂದ ದುರಸ್ತಿ ಆರಂಭವಾಯಿತು. ದುರಸ್ತಿ ಎನ್ನುವುದಕ್ಕಿಂತ ಅಪಚಾರ ಎನ್ನಬೇಕು. ಜಾರುವುದಿಲ್ಲವೆಂದು ಗ್ರೀಸ್ ಹಚ್ಚಿದೆ. ಅಲುಗುತ್ತದೆಯೆಂದು ನಡುವಿನ ಬೋಲ್ಟನ್ನು ಬಿಗಿದೆ. ತೂಕ ಸಾಲದೆಂದು ಪೆಟ್ಟಿಗೆಯೊಳಗೆ ಇಟ್ಟಿಗೆಯಿಟ್ಟೆ. ಇವೆಲ್ಲವನ್ನೂ ಒಂದೇ ದಿನ ಮಾಡಿದ್ದರಿಂದ, ಸಂಜೆ ಪೀಠ ಮೊದಲಿಗಿಂತ ಹಟಮಾರಿಯಾದಾಗ ತಪ್ಪು ಯಾವುದರದೆಂದು ತಿಳಿಯುವ ದಾರಿಯೇ ಮುಚ್ಚಿಹೋಗಿತ್ತು. ಗ್ರೀಸಿಗೆ ಧೂಳು ಮೆತ್ತಿ ಅಂಟಿನಂತಾಗಿತ್ತು. ನಿಂತ ವಸ್ತುವನ್ನು ಮೊದಲು ಕದಲಿಸಲು ಬೇಕಾದ ಬಲ, ಕದಲಿದ ಮೇಲೆ ಜಾರಿಸಲು ಬೇಕಾದ ಬಲಕ್ಕಿಂತ ಹೆಚ್ಚೆಂದು ನಿಮ್ಮ ವಿಜ್ಞಾನದ ಪುಸ್ತಕದಲ್ಲಿದೆ; ಇವೆರಡರ ಅಂತರ ದೊಡ್ಡದಾದಷ್ಟೂ ನೆಗೆತ ಹೆಚ್ಚು. ಒಣ ಟೆಫ್ಲಾನಿನ ಗುಣವೆಂದರೆ ಆ ಅಂತರವನ್ನು ತೀರ ಕಡಿಮೆ ಮಾಡುವುದು. ಆ ಗುಣವನ್ನೇ ನಾನು ಗ್ರೀಸಿನಿಂದ ಮುಚ್ಚಿದ್ದೆ.

ಪೀಠವನ್ನು ಹೊತ್ತು ಮತ್ತೆ ಕಮಲಾಪುರಕ್ಕೇ ಹೋದೆ. ಅಲ್ಲಿಯ ಒಬ್ಬ ವೃದ್ಧ ಬಡಗಿ ನನಗೆ ಹಳೆಯ ಪರಿಚಿತ. ದೂರದರ್ಶಕವನ್ನು ಅವನು ಎಂದೂ ಕಂಡವನಲ್ಲ. ನನ್ನ ವಿವರಣೆಯನ್ನೆಲ್ಲ ಕೇಳಿ, ಏನೂ ಹೇಳದೆ, ಒಂದು ಕಾಗದದ ಚೂರನ್ನು ಪೆಟ್ಟಿಗೆಯ ತಳಕ್ಕೂ ಟೆಫ್ಲಾನಿಗೂ ನಡುವೆ ತೂರಿಸುತ್ತ ಹೋದ. ಮೂರು ಕಡೆ ಕಾಗದ ಸಿಕ್ಕಿಕೊಂಡಿತು; ನಾಲ್ಕನೆಯ ಕಡೆ ಸಲೀಸಾಗಿ ಹಾದುಹೋಯಿತು. ಮಳೆಗಾಲದ ತೇವಕ್ಕೆ ಹಲಗೆ ಸೊಟ್ಟಗಾಗಿತ್ತು.

“ಒಲಿಗಿ ಎಷ್ಟು ಗುಂಡು ಇಡ್ತಾರ್ರಿ ಸರ?”

“ಮೂರು.”

“ಮತ್ತ ನೀವ್ಯಾಕ ನಾಕು ಇಟ್ಟೀರಿ?”

ನನ್ನ ಬಳಿ ಉತ್ತರವಿರಲಿಲ್ಲ. ಮೂರು ಬಿಂದುಗಳು ಹೇಗಿದ್ದರೂ ಒಂದೇ ಸಮತಲದಲ್ಲಿರುತ್ತವೆ. ನಾಲ್ಕನೆಯದು ಕೂದಲೆಳೆಯಷ್ಟು ತಗ್ಗಿದರೂ ಭಾರವು ಒಮ್ಮೆ ಇತ್ತ, ಒಮ್ಮೆ ಅತ್ತ ವಾಲುತ್ತದೆ. ಹೊಲದಲ್ಲಿ ಮೂರು ಕಲ್ಲು ಹೂಡಿ ಗಡಿಗೆಯಿಡುವ ಹೆಂಗಸರಿಗೆ ಇದು ರೇಖಾಗಣಿತವಿಲ್ಲದೆ ತಿಳಿದಿದೆ. ಬಡಗಿ ಹೊಸ ಹಲಗೆ ಕೊಯ್ದು, ಅಂಚುಗಳಿಗೆ ವಾರ್ನಿಷ್ ಬಳಿದು, ಮೂರು ತುಂಡುಗಳನ್ನು ಕೂಡಿಸಿದ. ಕೆಳಗೆ ಕಾಲುಗಳೂ ಮೂರೇ. ಪ್ರತಿಯೊಂದು ಕಾಲೂ ತನ್ನ ತುಂಡಿನ ನೇರ ಕೆಳಗೇ ಇರಬೇಕೆಂಬುದು ಅವನ ಹಟ. ಭಾರ ನೆಟ್ಟಗೆ ನೆಲಕ್ಕಿಳಿಯದಿದ್ದರೆ ಹಲಗೆ ಬಾಗುತ್ತದೆಯಂತೆ.

ಈ ಸಲ ನಾನು ಬುದ್ಧಿ ಕಲಿತು ಒಂದೊಂದನ್ನೇ ಬದಲಿಸಿದೆ. ದೂರದ ಮೊಬೈಲ್ ಗೋಪುರದ ತುದಿಗೆ ಕೊಳವೆಯನ್ನು ಗುರಿಯಿಟ್ಟು, ಬೆರಳಿನಿಂದ ತಟ್ಟಿ, ನಡುಕ ನಿಲ್ಲುವವರೆಗೆ ಎಣಿಸುವುದು ನನ್ನ ಪರೀಕ್ಷೆ. ಹಳೆಯ ಹಲಗೆಯ ಮೇಲೆ ಎಣಿಕೆ ಏಳರವರೆಗೆ ಹೋಗುತ್ತಿತ್ತು. ಹೊಸದರ ಮೇಲೆ ಎರಡಕ್ಕೆ ನಿಂತಿತು. ಗ್ರೀಸನ್ನು ಸಾಬೂನಿನ ನೀರಿನಿಂದ ಒರೆಸಿದೆ, ನೆಗೆತ ಅರ್ಧಕ್ಕಿಳಿಯಿತು. ನಡುವಿನ ಬೋಲ್ಟಿನ ಕೆಲಸ ಪೆಟ್ಟಿಗೆಯನ್ನು ಮಧ್ಯದಲ್ಲಿ ನಿಲ್ಲಿಸುವುದೇ ಹೊರತು ಹಿಸುಕುವುದಲ್ಲವೆಂದು ತಿಳಿದು ಸಡಿಲಿಸಿದೆ, ಉಳಿದರ್ಧವೂ ಹೋಯಿತು. ಭಾರದ ನೇತ್ರಕ ಹಾಕಿದಾಗ ಕೊಳವೆಯ ಮೂತಿ ಕೆಳಗೆ ಬೀಳುವ ದೋಷವೊಂದು ಉಳಿದಿತ್ತು. ಹೆಂಡತಿ ಹೊಲಿದುಕೊಟ್ಟ ಚೀಲದಲ್ಲಿ ಒಂದು ಹಿಡಿ ಜೋಳ ತುಂಬಿ ದರ್ಪಣದ ಕಡೆಯ ತುದಿಗೆ ಕಟ್ಟಿದೆ. ಒಂದು ವಾರದಲ್ಲಿ ಇಲಿಗಳು ಅದನ್ನು ಪತ್ತೆ ಹಚ್ಚಿದ್ದರಿಂದ ಮುಂದೆ ಜೋಳದ ಬದಲು ಮರಳು ಬಂತು.

2023ರ ಡಿಸೆಂಬರ್ 17, ಭಾನುವಾರ. ಸಂಜೆಯ ಆಕಾಶದಲ್ಲಿ ಎಳೆಯ ಚಂದ್ರ ಶನಿಯ ಪಕ್ಕದಲ್ಲೇ ಇದ್ದ. ಕಮಲಾಪುರದ ಅಂಗಳದಲ್ಲಿ ಶಹಾಬಾದಿ ಕಲ್ಲಿನ ಚಪ್ಪಡಿಯ ಮೇಲೆ ಪೀಠವನ್ನಿಟ್ಟು, ಆ ಹುಡುಗಿಯನ್ನು ಮೊದಲು ಕರೆದೆ. “ಕಂಡಿತೇ?” ಎಂದು ಈ ಸಲ ನಾನು ಕೇಳಲಿಲ್ಲ, “ಏನು ಕಾಣುತ್ತದೆ ಹೇಳು” ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಸಣ್ಣ ಗುಂಡು ಅದರಿ. ಅದರ ನಡಕ್ಕ ಬಳಿ ಹಾಕಿದಂಗ ಅದ. ಸರ, ಅದು ಸರಕೋತ ಹೊಂಟದರಿ!”

“ನೂಕು” ಎಂದೆ. ಅವಳು ಎರಡು ಬೆರಳಿನಿಂದ ಕೊಳವೆಯನ್ನು ನೂಕಿದಳು. ಪೆಟ್ಟಿಗೆ ಸದ್ದಿಲ್ಲದೆ ತಿರುಗಿತು. ಗ್ರಹ ನಡುವಿಗೆ ಬಂದಿತೆಂದು ಅವಳ ಮುಖವೇ ಹೇಳಿತು. ಅಂಚಿಗೆ ಸರಿದಂತೆಲ್ಲ ಅವಳು ಮತ್ತೆ ಮತ್ತೆ ನೂಕುತ್ತ, ಹಿಂದಿನ ಸಾಲಿನವರು ಗದರುವವರೆಗೂ ಕಣ್ಣು ತೆಗೆಯಲಿಲ್ಲ.

ಸಾಲಿನ ಕೊನೆಯಲ್ಲಿ ಬಡಗಿ ಅಜ್ಜ ಬಂದ. ನಾನು ನೇತ್ರಕ ತೋರಿಸಿದೆ. ಅವನು ಮೊದಲು ಮೊಣಕಾಲೂರಿ ಕುಳಿತು, ಜೇಬಿನಿಂದ ಕಾಗದದ ಚೂರು ತೆಗೆದು, ಪೆಟ್ಟಿಗೆಯ ಕೆಳಗೆ ಮೂರೂ ಕಡೆ ತೂರಿಸಿ ನೋಡಿದ. ಆಮೇಲೆ ಎದ್ದು ಶನಿಯನ್ನು ನೋಡಿದ.